7,114 ಕಾರಿಗೊಂದು ಸಿಲಬಸ್: ಜರ್ಮನಿಯ ಗ್ಯಾರೇಜ್ ಹುಡುಗರ ಪ್ರಕರಣ

ಮಧ್ಯಾಹ್ನ ಊಟ ಆದಮೇಲೆ ನಮ್ಮ ಐಟಿಐ ಹುಡುಗರು ವರ್ಕ್‌ಶಾಪಿನ ಕಟ್ಟೆ ಮೇಲೆ ಸಾಲಾಗಿ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಈಚೆಗೆ ಆ ಕಟ್ಟೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ‘ಸರ್, ಆಸ್‌ಬಿಲ್ಡುಂಗ್ ಅಂದ್ರೆ ಏನು? ಜರ್ಮನಿಗೆ ಹೋದ್ರೆ ಕಲಿಯೋಕೆ ಅವರೇ ದುಡ್ಡು ಕೊಡ್ತಾರಂತೆ, ಹೌದಾ?’

ಹೌದು, ಕೊಡುತ್ತಾರೆ. ಆಸ್‌ಬಿಲ್ಡುಂಗ್ ಅಂದರೆ ಕೆಲಸ ಕಲಿಕೆ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ, ಉಳಿದ ಒಂದೆರಡು ದಿನ ಸರ್ಕಾರಿ ಕಸುಬು ಶಾಲೆಯಲ್ಲಿ. ಸ್ಟೈಪೆಂಡ್ ಇಷ್ಟಕ್ಕಿಂತ ಕಮ್ಮಿ ಇರಬಾರದು ಅಂತ 2020ರಿಂದ ಕಾನೂನೇ ಇದೆ. ಮೊದಲ ವರ್ಷದವರಿಗೆ ಆಗ ತಿಂಗಳಿಗೆ 515 ಯೂರೋ ಇತ್ತು, 2025ರ ಹೊತ್ತಿಗೆ 682 ಆಯಿತು. 2024ರ ಅಕ್ಟೋಬರಿನಲ್ಲಿ ಜರ್ಮನಿ ಸರ್ಕಾರ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಅಲ್ಲಿಂದ ಏಜೆನ್ಸಿಗಳ ರೀಲ್ಸ್ ಜಾಸ್ತಿಯಾಗಿವೆ. ಜರ್ಮನ್ ಭಾಷೆಯಲ್ಲಿ ಸಾಮಾನ್ಯವಾಗಿ ಬಿ1 ಮಟ್ಟ, ಅಂದರೆ ದಿನದ ಮಾತುಕತೆ ನಡೆಸುವಷ್ಟು, ಪಾಸಾಗಬೇಕು ಅನ್ನೋದನ್ನು ರೀಲಿನ ಕೊನೇ ಎರಡು ಸೆಕೆಂಡಿನಲ್ಲಿ ಓಡಿಸಿಬಿಡುತ್ತಾರೆ.

ನಾನು ಪಾಠ ಮಾಡುವುದು ಮೋಟಾರ್ ಮೆಕ್ಯಾನಿಕ್ ಟ್ರೇಡಿಗೆ. ಹುಡುಗರ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡೋದು ಬೇಡ ಅಂತ, ನನ್ನದೇ ಟ್ರೇಡು ಅಲ್ಲಿ ಹೇಗೆ ಬದಲಾಯ್ತು ಅಂತ ಕೂತು ನೋಡಿದೆ. ಒಂದು ದೇಶ, ಒಂದು ಕಸುಬು, ಮುಖ್ಯವಾಗಿ ಒಂದು ಸಿಲಬಸ್ ಬದಲಾವಣೆ. ಅದರ ವಿವರವೇ ಈ ಬರಹ.

ಅದಕ್ಕೆ ಮೊದಲು ನನ್ನ ಕತೆ ಒಂದಿಷ್ಟು. 2008ರ ಸುಮಾರಿಗೆ ನಾನು ಐಟಿಐ ಓದುವಾಗ ಎರಡು ವರ್ಷ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಬಿಚ್ಚಿ ಜೋಡಿಸಿದ್ದೇ ಜೋಡಿಸಿದ್ದು. ಕಣ್ಣು ಮುಚ್ಚಿಕೊಂಡು ಫ್ಲೋಟ್ ಕೂರಿಸುತ್ತಿದ್ದೆ. ಆಮೇಲೆ ಒಂದು ಸರ್ವೀಸ್ ಸೆಂಟರಿಗೆ ಅಪ್ರೆಂಟಿಸ್ ಆಗಿ ಹೋದೆ. ಮೊದಲ ವಾರವೇ ಎಂಜಿನ್ ಲೈಟ್ ಉರಿಯುತ್ತಿದ್ದ ಒಂದು ಕಾರು ಬಂತು. ಸೂಪರ್‌ವೈಸರ್ ಕೈಗೆ ಕಾರಿನ ತಪ್ಪು ಓದುವ ಸ್ಕ್ಯಾನರ್ ಕೊಟ್ಟು ‘ಹಾಕು’ ಅಂದರು. ಎಲ್ಲಿಗೆ ಹಾಕೋದು? ಬಾನೆಟ್ ಎತ್ತಿ ಹುಡುಕುತ್ತಾ ನಿಂತೆ. ಅವರು ಸ್ಟೀರಿಂಗ್ ಕೆಳಗೆ ಬಗ್ಗಿ 16 ಪಿನ್ನಿನ ಸಾಕೆಟ್ ತೋರಿಸಿ, ‘ಯಾಕಪ್ಪಾ, ಕಾರ್ಬುರೇಟರ್ ಹುಡುಕ್ತಿದ್ದೀಯಾ?’ ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನಮ್ಮ ಪೆಟ್ರೋಲ್ ಕಾರುಗಳಿಗೆ ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಬಂದು ಆಗಲೇ ಎಂಟು ಒಂಬತ್ತು ವರ್ಷ ಆಗಿತ್ತು. ಸಿಲಬಸ್ ಮಾತ್ರ ಹಿಂದೆಯೇ ನಿಂತಿತ್ತು.

ಜರ್ಮನಿಯ ಕತೆ ನನ್ನನ್ನು ಹಿಡಿದಿದ್ದು ಅದಕ್ಕೇ. ಅಲ್ಲಿ ಆಗಿದ್ದು ಇದರ ಉಲ್ಟಾ. ಸಿಲಬಸ್ ಮುಂದೆ ಹೋಯಿತು, ಕಾರುಗಳು ಹಿಂದೆ ಉಳಿದವು.

ಮೆಕ್ಯಾನಿಕ್ಕೋ, ಎಲೆಕ್ಟ್ರಿಷಿಯನ್ನೋ

ನಮ್ಮೂರಿನ ಗ್ಯಾರೇಜ್ ಸಾಲು ನೆನಪು ಮಾಡಿಕೊಳ್ಳಿ. ಎಂಜಿನ್ ಕೆಲಸಕ್ಕೆ ಒಂದು ಅಂಗಡಿ, ವೈರಿಂಗಿಗೆ ಇನ್ನೊಂದು, ಟಿಂಕರಿಂಗಿಗೆ ಮತ್ತೊಂದು. ಜರ್ಮನಿಯಲ್ಲೂ ಕಲಿಕೆ ಹಾಗೇ ಇತ್ತು. ಕಾರ್ ಮೆಕ್ಯಾನಿಕ್ ಬೇರೆ, ಕಾರ್ ಎಲೆಕ್ಟ್ರಿಷಿಯನ್ ಬೇರೆ. ಕಾರ್ಖಾನೆ ಕಡೆಯಲ್ಲಿ ಕಲಿಯುವವರಿಗೆ ಆಟೋಮೊಬೈಲ್ ಮೆಕ್ಯಾನಿಕ್ ಅಂತ ಮೂರನೆಯದೊಂದು.

ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್, ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಎಲ್ಲ ಬಂದಮೇಲೆ ಈ ಗೋಡೆ ನಿಲ್ಲಲಿಲ್ಲ. ಎಬಿಎಸ್ ಲೈಟ್ ಉರಿಯುತ್ತಿದೆ ಅಂತಿಟ್ಟುಕೊಳ್ಳಿ. ತಪ್ಪು ಚಕ್ರದ ಸೆನ್ಸರಿನದಿರಬಹುದು, ವೈರಿನದಿರಬಹುದು, ಬೇರಿಂಗ್ ಸವೆದು ಸೆನ್ಸರಿನ ಗ್ಯಾಪ್ ಹೆಚ್ಚಿರಬಹುದು. ಇದು ಯಾರ ಕೆಲಸ? ಮೆಕ್ಯಾನಿಕ್ ಎಲೆಕ್ಟ್ರಿಷಿಯನ್ ಕಡೆ ಕೈ ತೋರಿಸಿದ, ಎಲೆಕ್ಟ್ರಿಷಿಯನ್ ಮೆಕ್ಯಾನಿಕ್ ಕಡೆ.

2003ರಲ್ಲಿ ಮೂರೂ ಟ್ರೇಡುಗಳನ್ನು ಸೇರಿಸಿ ಒಂದು ಮಾಡಿದರು. ಹೊಸ ಹೆಸರು ಮೆಕಾಟ್ರೋನಿಕರ್. ಮೆಕ್ಯಾನಿಕ್‌ಗೆ ಎಲೆಕ್ಟ್ರಾನಿಕ್ಸ್ ಸೇರಿಸಿದ ಹೆಸರು ಅಷ್ಟೇ. ಕಲಿಕೆ ಮೂರೂವರೆ ವರ್ಷ. ವರ್ಷಕ್ಕೆ 20 ಸಾವಿರಕ್ಕೂ ಹೆಚ್ಚು ಮಂದಿ ಹೊಸದಾಗಿ ಸೇರುತ್ತಾರೆ. ಅಲ್ಲಿನ ಹುಡುಗರ ಪಾಲಿಗೆ ಇದು ಎಷ್ಟೋ ವರ್ಷದಿಂದ ಮೊದಲ ಆಯ್ಕೆಗಳಲ್ಲಿ ಒಂದು. ಹುಡುಗಿಯರು ಈಗಲೂ ತುಂಬಾ ಕಮ್ಮಿ.

ಇಲ್ಲೊಂದು ಉಪಕತೆ ಇದೆ, ಬಿಡೋಕೆ ಮನಸ್ಸಿಲ್ಲ. ಮೂರೂವರೆ ವರ್ಷ ಜಾಸ್ತಿಯಾಯಿತು, ಓದಿನಲ್ಲಿ ಹಿಂದಿರುವ ಹುಡುಗರಿಗೆ ಕಷ್ಟ ಅಂತ 2004ರಲ್ಲಿ ಎರಡೇ ವರ್ಷದ ಒಂದು ಸಣ್ಣ ಕೋರ್ಸ್ ಶುರುಮಾಡಿ ನೋಡಿದರು. ಸರ್ವೀಸ್ ಮೆಕ್ಯಾನಿಕ್ ಅಂತ. ಆಯಿಲ್, ಟೈರು, ಬ್ರೇಕು, ಇಷ್ಟು ಕಲಿತು ಹೊರಡೋದು. ಕಾರ್ಮಿಕ ಸಂಘಕ್ಕೆ ಮೊದಲಿಂದಲೂ ಇದು ಇಷ್ಟವಿರಲಿಲ್ಲ. 2013ರ ಹೊತ್ತಿಗೆ ಆ ಕೋರ್ಸನ್ನು ಕೈಬಿಟ್ಟರು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಇದು ಬಹಳ ಮುಖ್ಯವಾದ ತುಂಡು. ಕೆಲಸ ಬದಲಾಗುವಾಗ ‘ಮೂರು ತಿಂಗಳ ಕೋರ್ಸ್ ಮಾಡಿಬಿಡೋಣ’ ಅನ್ನುವ ಆಸೆ ಎಲ್ಲ ದೇಶದಲ್ಲೂ ಹುಟ್ಟುತ್ತದೆ. ಅಲ್ಲಿಯೂ ಹುಟ್ಟಿತು, ಪ್ರಯತ್ನವೂ ಆಯಿತು, ಬಿಟ್ಟೂ ಬಿಟ್ಟರು. ಅರ್ಧ ಕಲಿತವನು ಮುಂದಿನ ಬದಲಾವಣೆ ಬಂದಾಗ ಮೊದಲು ಕೆಲಸ ಕಳೆದುಕೊಳ್ಳುತ್ತಾನೆ, ಅಲ್ವಾ?

2013: ಸುಮ್ನೆ ಬರೆದಿದ್ದಲ್ಲ

2013ರ ಜನವರಿ 1ರಂದು ಜರ್ಮನಿಯ ರಸ್ತೆಗಳಲ್ಲಿ ಸುಮಾರು 4.34 ಕೋಟಿ ಕಾರುಗಳಿದ್ದವು. ಅದರಲ್ಲಿ ಪೂರ್ತಿ ಬ್ಯಾಟರಿ ಮೇಲೆ ಓಡುವವು ಎಷ್ಟು ಗೊತ್ತಾ? 7,114. ಒಂದು ಜಾತ್ರೆಯ ಪಾರ್ಕಿಂಗಿನಲ್ಲಿ ನಿಲ್ಲಿಸಬಹುದಾದಷ್ಟು. ಎಂಜಿನ್ನೂ ಬ್ಯಾಟರಿಯೂ ಎರಡೂ ಇರುವ ಹೈಬ್ರಿಡ್ ಸೇರಿಸಿದರೆ ಇನ್ನೊಂದು 65 ಸಾವಿರ.

ಅದೇ ವರ್ಷದ ಆಗಸ್ಟ್ 1ರಿಂದ ಸಿಲಬಸ್ ಮತ್ತೆ ಬದಲಾಯಿತು. ಈ ಸಲ ಟ್ರೇಡಿನೊಳಗೆ ಐದು ಕವಲು ಮಾಡಿದರು. ಕಾರು, ಲಾರಿ-ಬಸ್ಸು, ಬೈಕು, ಬಾಡಿ ಕೆಲಸ, ಐದನೆಯದು ಸಿಸ್ಟಮ್ ಮತ್ತು ಹೈವೋಲ್ಟೇಜ್. ಬಾಡಿ ರಿಪೇರಿ ಅದುವರೆಗೆ ಬೇರೆ ಟ್ರೇಡಾಗಿತ್ತು, ಅದನ್ನೂ ಇದರೊಳಗೆ ತಂದರು. ಆದರೆ ನಿಜವಾದ ಬದಲಾವಣೆ ಕವಲಿನಲ್ಲಿ ಇರಲಿಲ್ಲ, ಬುಡದಲ್ಲಿತ್ತು. ಯಾವ ಕವಲು ಹಿಡಿದರೂ ಸರಿ, ಲಾರಿಯವನಾದರೂ ಸರಿ, ಹೈವೋಲ್ಟೇಜ್ ಗಾಡಿಯ ಕರೆಂಟ್ ತೆಗೆದು ಅದನ್ನು ಮುಟ್ಟಲು ಸುರಕ್ಷಿತ ಮಾಡೋದು ಎಲ್ಲರೂ ಕಲಿಯಲೇಬೇಕು ಅಂತ ಬರೆದರು. ಐದನೇ ಕವಲಿನವರು ಅದರಲ್ಲಿ ಇನ್ನೂ ಆಳಕ್ಕೆ ಇಳಿಯುತ್ತಾರೆ.

7,114 ಕಾರಿಗಾಗಿ 20 ಸಾವಿರ ಹುಡುಗರಿಗೆ ಪಾಠ! ನಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಆಡಿಟ್ ಅಬ್ಜೆಕ್ಷನ್ ಬಂದಿರುತ್ತಿತ್ತು.

ಇದನ್ನು ಬರೆದವರು ಯಾರು ಅಂತ ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ಒಂದು ಕಡೆ ಗ್ಯಾರೇಜ್ ಮಾಲೀಕರ ಒಕ್ಕೂಟ, ಇನ್ನೊಂದು ಕಡೆ ಐಜಿ ಮೆಟಾಲ್ ಅನ್ನುವ ದೊಡ್ಡ ಕಾರ್ಮಿಕ ಸಂಘ. ನಡುವೆ ಬಾನ್ ನಗರದಲ್ಲಿರುವ ಬಿಐಬಿಬಿ, ಅಂದರೆ ಕಸುಬು ಶಿಕ್ಷಣದ ಕೇಂದ್ರ ಸಂಸ್ಥೆ. 1969ರಲ್ಲಿ ಕಸುಬು ಶಿಕ್ಷಣದ ಕಾನೂನು ಬಂತು, ಮರುವರ್ಷ ಈ ಸಂಸ್ಥೆ ಹುಟ್ಟಿತು. ಎರಡೂ ಕಡೆಯ ಜನ, ಅದರಲ್ಲೂ ದಿನಾ ಹುಡುಗರಿಗೆ ಕೆಲಸ ಹೇಳಿಕೊಡುವವರೇ, ಒಂದು ಮೇಜಿನ ಸುತ್ತ ಕೂತು ಸಾಲು ಸಾಲಾಗಿ ಜಗಳ ಆಡಿ ಒಪ್ಪುತ್ತಾರೆ. ಒಪ್ಪಿದ ಮೇಲೆ ಕೇಂದ್ರ ಸಚಿವಾಲಯ ಅದಕ್ಕೆ ಆದೇಶದ ರೂಪ ಕೊಡುತ್ತದೆ. ಶಾಲೆಗಳು 16 ರಾಜ್ಯಗಳ ಕೈಯಲ್ಲಿರುವುದರಿಂದ ಶಾಲೆಯ ಪಾಠವನ್ನು ರಾಜ್ಯಗಳ ಶಿಕ್ಷಣ ಮಂತ್ರಿಗಳ ಮಂಡಳಿ ಇದಕ್ಕೆ ಹೊಂದಿಸುತ್ತದೆ. ನಿಧಾನ ಅನ್ನುವವರಿದ್ದಾರೆ, ಸುಳ್ಳಲ್ಲ. ಆದರೆ ಒಮ್ಮೆ ಒಪ್ಪಿದ್ದನ್ನು ಯಾರೂ ‘ಮೇಲಿಂದ ಬಂದಿದ್ದು’ ಅಂತ ಮೂಲೆಗೆ ತಳ್ಳುವುದಿಲ್ಲ, ಯಾಕೆಂದರೆ ಬರೆದವರು ಅವರೇ.

ತಮಾಷೆ ಇರೋದು ಇಲ್ಲಿ. 2020ರ ಹೊತ್ತಿಗೆ ಹತ್ತು ಲಕ್ಷ ಎಲೆಕ್ಟ್ರಿಕ್ ಗಾಡಿ ಅಂತ ಆಗಿನ ಸರ್ಕಾರ ಗುರಿ ಇಟ್ಟುಕೊಂಡಿತ್ತು. ಅದು ಆಗಲ್ಲ ಅಂತ 2017ರಲ್ಲಿ ಚಾನ್ಸೆಲರ್ ಮರ್ಕೆಲ್ ಅವರೇ ಒಪ್ಪಿಕೊಂಡರು. 2021ರ ಜನವರಿಯಲ್ಲಿ ಲೆಕ್ಕ ಹಾಕಿದರೆ ಪೂರ್ತಿ ಬ್ಯಾಟರಿ ಕಾರು ಸಿಕ್ಕಿದ್ದು 3 ಲಕ್ಷ ಚಿಲ್ಲರೆ. ಮಂತ್ರಿಗಳ ಲೆಕ್ಕ ತಪ್ಪಿತು. ಮೇಜಿನ ಸುತ್ತ ಕೂತ ಮೇಸ್ತ್ರಿಗಳ ಲೆಕ್ಕ ತಪ್ಪಲಿಲ್ಲ. ಇಷ್ಟು ಗಾಡಿ ಬರುತ್ತವೆ ಅಂತ ಅವರು ಎಲ್ಲಿಯೂ ಬರೆದಿರಲಿಲ್ಲ. ಒಂದೇ ಒಂದು ಬಂದರೂ ಅದನ್ನು ಮುಟ್ಟುವವನು ಸಾಯಬಾರದು ಅಂತಷ್ಟೇ ಬರೆದಿದ್ದರು.

ಕಿತ್ತಳೆ ಬಣ್ಣದ ವೈರು

ಅದನ್ನು ಹತ್ತಿರದಿಂದ ನೋಡೋಣ. ಎಲೆಕ್ಟ್ರಿಕ್ ಕಾರಿನ ಹೈವೋಲ್ಟೇಜ್ ವೈರುಗಳೆಲ್ಲ ಕಿತ್ತಳೆ ಬಣ್ಣದವು. ಸಾಮಾನ್ಯವಾಗಿ 400 ವೋಲ್ಟ್ ಆಸುಪಾಸು, ಕೆಲವು ಮಾಡೆಲ್‌ಗಳಲ್ಲಿ 800. ಡಿಸಿ ಆದರೆ 60 ವೋಲ್ಟ್, ಎಸಿ ಆದರೆ 30 ವೋಲ್ಟ್ ದಾಟಿದ್ದನ್ನೆಲ್ಲ ಗಾಡಿಯ ಲೆಕ್ಕದಲ್ಲಿ ಹೈವೋಲ್ಟೇಜ್ ಅಂತಾರೆ.

ಹುಡುಗ ಮೊದಲು ಇಗ್ನಿಷನ್ ಆಫ್ ಮಾಡಿ ಕೀಲಿಯನ್ನು ಗಾಡಿಯಿಂದ ದೂರ ಇಡಬೇಕು. ಈಗಿನ ಕೀಲಿ ಜೇಬಿನಲ್ಲಿದ್ದರೂ ಗಾಡಿ ಎದ್ದು ಕೂರುತ್ತದೆ, ಅದಕ್ಕೆ. ಆಮೇಲೆ ಹೈವೋಲ್ಟೇಜ್ ಕರೆಂಟ್ ಕಡಿಯುವ ಸರ್ವೀಸ್ ಪ್ಲಗ್ ಎಳೆಯಬೇಕು. ಎಳೆದ ಜಾಗಕ್ಕೆ ಬೀಗ. ಬೀಗದ ಕೀಲಿ ತನ್ನದೇ ಜೇಬಿನಲ್ಲಿ, ಬೇರೆಯವರ ಕೈಗೆ ಕೊಡುವ ಹಾಗಿಲ್ಲ. ಗಾಡಿ ಮೇಲೆ ಬೋರ್ಡು. ಕಂಪನಿ ಹೇಳಿದಷ್ಟು ನಿಮಿಷ ಕಾಯಬೇಕು, ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಇಳಿಯಲಿಕ್ಕೆ. ಆಮೇಲೆ ಅಳೆಯೋದು. ಅಳೆಯುವ ಮೊದಲು ಟೆಸ್ಟರನ್ನೇ ಟೆಸ್ಟ್ ಮಾಡಬೇಕು, ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಹಿಡಿದು. ಕೆಟ್ಟ ಟೆಸ್ಟರೂ ಸೊನ್ನೆಯನ್ನೇ ತೋರಿಸುತ್ತದಲ್ವಾ! ಕೈಯಲ್ಲಿ 1,000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್. ಹಾಕುವ ಮುಂಚೆ ಗ್ಲೌಸಿನ ಬಾಯಿ ಸುತ್ತಿ ಒಳಗೆ ಗಾಳಿ ಹಿಡಿದು, ಕೆನ್ನೆ ಹತ್ತಿರ ತಂದು ಒತ್ತಿ ನೋಡಬೇಕು. ಸೂಜಿಯಷ್ಟು ತೂತಿದ್ದರೂ ಕೆನ್ನೆಗೆ ಗಾಳಿ ತಾಗುತ್ತದೆ. ಕೊನೆಗೆ ಸೊನ್ನೆ ಬಂದದ್ದನ್ನು ಕಾಗದದಲ್ಲಿ ಬರೆದು ಸಹಿ ಹಾಕಬೇಕು.

ಇದರಲ್ಲಿ ಕಷ್ಟದ ವಿದ್ಯೆ ಅಂತ ಏನಿದೆ? ಹಾಗೆ ನೋಡಿದರೆ ಏನೂ ಇಲ್ಲ. ಆದರೆ ಕೈ ಅವಸರ ಮಾಡದ ಹಾಗೆ ಪಳಗಿಸಬೇಕು. ಅದು ಪುಸ್ತಕದಿಂದ ಬರುವುದಿಲ್ಲ, ಹತ್ತು ಸಲ ಮಾಡಬೇಕು. ಬ್ಯಾಟರಿಯನ್ನೇ ಬಿಚ್ಚಿ ಕರೆಂಟ್ ಇರುವಾಗಲೇ ಕೆಲಸ ಮಾಡೋದು ಬೇರೆ ಮಾತು, ಅದಕ್ಕೆ ಇನ್ನೂ ಮೇಲಿನ ತರಬೇತಿ ಬೇಕು.

ಶಾಲೆಯ ಪಾಠವೂ ನಮ್ಮ ಹಾಗಿಲ್ಲ. ನಮ್ಮಲ್ಲಿ ಟ್ರೇಡ್ ಥಿಯರಿ ಒಂದು ಕಡೆ, ಲೆಕ್ಕ-ಡ್ರಾಯಿಂಗ್ ಒಂದು ಕಡೆ. ಅವರಲ್ಲಿ 14 ಘಟಕ, ಪ್ರತಿಯೊಂದೂ ಗ್ಯಾರೇಜಿನ ಒಂದು ಕೆಲಸದಿಂದ ಶುರು. ಗಾಡಿ ಸರ್ವೀಸಿಗೆ ಬಂದಿದೆ, ಏನೇನು ನೋಡಬೇಕು? ಗಿರಾಕಿ ಕಾರಿಗೆ ಟ್ರೇಲರ್ ಎಳೆಯುವ ಕೊಂಡಿ ಹಾಕಿಸಿಕೊಡಿ ಅಂತಾನೆ, ಏನೇನು ಬೇಕು? ಕೊಂಡಿ ಹಾಕಲಿಕ್ಕೆ ಹೋದರೆ ಬೋಲ್ಟ್ ಎಷ್ಟು ಬಿಗಿಯಬೇಕು ಅನ್ನುವ ಟಾರ್ಕ್ ಲೆಕ್ಕ ಬರುತ್ತದೆ, ಟ್ರೇಲರ್ ಲೈಟಿನ ವೈರಿಂಗ್ ಬರುತ್ತದೆ, ಕಾನೂನು ಬರುತ್ತದೆ, ಗಿರಾಕಿಗೆ ಬಿಲ್ ವಿವರಿಸೋದೂ ಬರುತ್ತದೆ. ಈ ಪದ್ಧತಿ ನನಗೆ ತುಂಬಾ ಹಿಡಿಸಿತು. ಕಾರು ಎಲೆಕ್ಟ್ರಿಕ್ ಆದರೂ ಘಟಕದ ಹೆಸರು ಬದಲಾಯಿಸಬೇಕಿಲ್ಲ, ಒಳಗಿನ ಗಾಡಿ ಬದಲಾಯಿಸಿದರೆ ಸಾಕು.

ಪರೀಕ್ಷೆಯೂ ಎರಡು ತುಂಡು. ಎರಡನೇ ವರ್ಷ ಮುಗಿಯುವ ಮುಂಚೆ ಮೊದಲ ಭಾಗ, ಅದಕ್ಕೆ 100ಕ್ಕೆ 35. ಕೊನೆಯಲ್ಲಿ ಉಳಿದ 65. ಪರೀಕ್ಷೆ ಮಾಡುವ ಸಮಿತಿಯಲ್ಲಿ ಮಾಲೀಕರ ಕಡೆಯವರು ಎಷ್ಟೋ ಕೆಲಸಗಾರರ ಕಡೆಯವರೂ ಅಷ್ಟೇ, ಜೊತೆಗೆ ಒಬ್ಬ ಮೇಷ್ಟ್ರು. ಕಲಿಸಿದ ಮಾಲೀಕನೇ ಪಾಸು ಮಾಡಿ ಕಳಿಸುವ ಹಾಗಿಲ್ಲ.

ಗ್ಯಾರೇಜಿಗೆ ಬರುವ ಗಾಡಿ

ಇಷ್ಟೆಲ್ಲ ಹೊಗಳಿದ ಮೇಲೆ ಗಂಟು ಎಲ್ಲಿದೆ ಅಂತ ಹೇಳಲೇಬೇಕು.

ಈ ವ್ಯವಸ್ಥೆಯಲ್ಲಿ ಹುಡುಗ ಹೆಚ್ಚು ಹೊತ್ತು ಇರೋದು ಗ್ಯಾರೇಜಿನಲ್ಲಿ. ಹಾಗಾಗಿ ಗ್ಯಾರೇಜಿಗೆ ಏನು ಬರುತ್ತದೋ ಅದೇ ಅವನ ನಿಜವಾದ ಸಿಲಬಸ್. 2024ರ ಜನವರಿಯ ಲೆಕ್ಕದಲ್ಲಿ ಜರ್ಮನಿಯಲ್ಲಿ 4.91 ಕೋಟಿ ಕಾರಿನಲ್ಲಿ ಬ್ಯಾಟರಿ ಕಾರು ಸುಮಾರು 14 ಲಕ್ಷ. ಅಂದರೆ 100ಕ್ಕೆ ಮೂರೂ ತುಂಬದು. ಹೊಸ ಕಾರು ಬೇರೆ ಗ್ಯಾರಂಟಿ ಮುಗಿಯುವ ತನಕ ಕಂಪನಿಯ ಸರ್ವೀಸ್ ಸೆಂಟರಿಗೇ ಹೋಗುತ್ತದೆ. ಹಳ್ಳಿ ಕಡೆಯ ಸಣ್ಣ ಗ್ಯಾರೇಜಿಗೆ ಬರೋದು ಹತ್ತು ಹನ್ನೆರಡು ವರ್ಷ ಹಳೇ ಡೀಸೆಲ್ ಕಾರು. ಅಲ್ಲಿ ಕಲಿಯುವ ಹುಡುಗ ಮೂರೂವರೆ ವರ್ಷದಲ್ಲಿ ಕಿತ್ತಳೆ ವೈರನ್ನು ಎಷ್ಟು ಸಲ ಕಣ್ಣಾರೆ ನೋಡುತ್ತಾನೆ?

ಮಾರಾಟವೂ ನೆಟ್ಟಗೆ ಏರಲಿಲ್ಲ. 2023ರಲ್ಲಿ 5.24 ಲಕ್ಷ ಹೊಸ ಬ್ಯಾಟರಿ ಕಾರು ರಿಜಿಸ್ಟರ್ ಆದವು. ಆ ಡಿಸೆಂಬರಿನಲ್ಲಿ ಸರ್ಕಾರ ಸಬ್ಸಿಡಿಯನ್ನು ದಿಢೀರ್ ನಿಲ್ಲಿಸಿತು. 2024ರಲ್ಲಿ ಮಾರಾಟ 3.8 ಲಕ್ಷಕ್ಕೆ ಬಿತ್ತು. ಈ ಏರಿಳಿತ ನೋಡಿಕೊಂಡು ಒಬ್ಬ ಗ್ಯಾರೇಜ್ ಮಾಲೀಕ ಹೈವೋಲ್ಟೇಜ್ ಸಾಮಾನಿಗೆ ಸಾಲ ಮಾಡುತ್ತಾನಾ? ನಾನಾಗಿದ್ದರೆ ಇನ್ನೊಂದು ವರ್ಷ ನೋಡೋಣ ಅಂತಿದ್ದೆ.

ಈ ಕಂದಕದ ಮೇಲೆ ಅವರು ಹಾಕಿರುವ ಸೇತುವೆ ಒಂದು ಮೂರನೇ ಜಾಗ. ಗ್ಯಾರೇಜೂ ಅಲ್ಲ, ಶಾಲೆಯೂ ಅಲ್ಲ. ಕಸುಬುದಾರರ ಸಂಘಗಳು ನಡೆಸುವ ಸಾಮೂಹಿಕ ವರ್ಕ್‌ಶಾಪು. ಸುತ್ತಲಿನ ಹತ್ತಾರು ಗ್ಯಾರೇಜುಗಳ ಹುಡುಗರು ಒಂದೊಂದು ವಾರದ ಕೋರ್ಸಿಗೆ ಅಂತ ಅಲ್ಲಿಗೆ ಬರುತ್ತಾರೆ. ತಮ್ಮ ಗ್ಯಾರೇಜಿನಲ್ಲಿ ನೋಡಲು ಸಿಗದ್ದನ್ನು ಅಲ್ಲಿ ಕೈಯಾರೆ ಮಾಡುತ್ತಾರೆ. ಖರ್ಚನ್ನು ಕೇಂದ್ರ, ರಾಜ್ಯ, ಗ್ಯಾರೇಜ್ ಮಾಲೀಕರು ಹಂಚಿಕೊಳ್ಳುತ್ತಾರೆ. ಜರ್ಮನಿಯ ಕಸುಬು ಶಿಕ್ಷಣ ಅಂದಕೂಡಲೇ ನಮ್ಮಲ್ಲಿ ಕಂಪನಿ-ಶಾಲೆ ಎಂಬ ಎರಡು ಕಾಲಿನ ಮಾತಾಡುತ್ತಾರೆ. ಬದಲಾವಣೆಯ ಹೊತ್ತಿನಲ್ಲಿ ಭಾರ ಹೊತ್ತಿರೋದು ಯಾರೂ ಹೇಳದ ಈ ಮೂರನೇ ಕಾಲು.

ಅದೂ ಎಲ್ಲವನ್ನೂ ಸರಿಮಾಡಿಲ್ಲ. ಜರ್ಮನಿಯಲ್ಲಿ ಎಲ್ಲ ಟ್ರೇಡು ಸೇರಿ ಕಲಿಕೆಯ ಒಪ್ಪಂದಗಳಲ್ಲಿ 100ಕ್ಕೆ ಸುಮಾರು 30 ಮಧ್ಯದಲ್ಲೇ ಮುರಿಯುತ್ತವೆ. ಕೆಲವರು ಬೇರೆ ಕಂಪನಿಗೋ ಬೇರೆ ಟ್ರೇಡಿಗೋ ಹೋಗುತ್ತಾರೆ, ಕೆಲವರು ಬಿಟ್ಟೇ ಬಿಡುತ್ತಾರೆ. 2022ರ ಲೆಕ್ಕದಲ್ಲಿ 20ರಿಂದ 34 ವಯಸ್ಸಿನವರಲ್ಲಿ 28 ಲಕ್ಷಕ್ಕೂ ಹೆಚ್ಚು ಜನರ ಕೈಯಲ್ಲಿ ಯಾವ ಕಸುಬಿನ ಸರ್ಟಿಫಿಕೇಟೂ ಇರಲಿಲ್ಲ. ರೀಲ್ಸ್ ಮಾಡುವವರು ಇದನ್ನು ಹೇಳಲ್ಲ.

ಇನ್ನು ಬೇರೆ ದೇಶ. ನಾರ್ವೆಯ ಹುಡುಗ ಎರಡು ವರ್ಷ ಶಾಲೆಯಲ್ಲಿ ಕಲಿತು ಆಮೇಲೆ ಎರಡು ವರ್ಷ ಕಂಪನಿಯಲ್ಲಿ ಕಲಿಯುತ್ತಾನೆ. ಅಲ್ಲಿ 2024ರಲ್ಲಿ ಮಾರಾಟವಾದ 100 ಹೊಸ ಕಾರಿನಲ್ಲಿ ಸುಮಾರು 89 ಬ್ಯಾಟರಿಯವು. ಅಲ್ಲಿ ಬೀದಿಯೇ ಪಾಠ ಹೇಳುತ್ತದೆ, ಗ್ಯಾರೇಜಿಗೆ ಕಾಲಿಟ್ಟ ವಾರವೇ ಕಿತ್ತಳೆ ವೈರು ಎದುರಾಗುತ್ತದೆ. ಬ್ರಿಟನ್ನಿನಲ್ಲಿ 2019ರಲ್ಲಿ ಟೆಕ್‌ಸೇಫ್ ಅಂತ ಒಂದು ಪಟ್ಟಿ ಶುರುಮಾಡಿದರು, ಎಲೆಕ್ಟ್ರಿಕ್ ಗಾಡಿ ಮುಟ್ಟಲು ತರಬೇತಿ ಆದ ಮೆಕ್ಯಾನಿಕ್‌ಗಳ ಹೆಸರು ಅದರಲ್ಲಿ. ಸೇರೋದು ಬಿಡೋದು ಅವರವರ ಇಷ್ಟ. ಅಂದರೆ ಈಗಾಗಲೇ ಕೆಲಸದಲ್ಲಿರುವವರನ್ನು ಹಿಡಿಯುವ ದಾರಿ. ಇದು ಕೆಟ್ಟದ್ದೇನಲ್ಲ, ಜರ್ಮನಿಯ 2013ರ ಸಿಲಬಸ್ ಕೂಡ ಐವತ್ತು ವರ್ಷದ ಹಳೇ ಮೆಕ್ಯಾನಿಕ್‌ಗೆ ಏನೂ ಮಾಡಲಿಲ್ಲ. ಅಂಥವರಿಗೆ ಅಲ್ಲಿಯೂ ಬೇರೆ ಕೋರ್ಸೇ ಗತಿ.

ನಮ್ಮ ಶೆಡ್ಡಿನಲ್ಲಿ

ನಮ್ಮಲ್ಲಿ ಏನೂ ಆಗಿಲ್ಲ ಅನ್ನೋದು ತಪ್ಪು. ಎಲೆಕ್ಟ್ರಿಕ್ ಗಾಡಿಗೆ ಅಂತ 2017ರಲ್ಲೇ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ. 2022ರ ಜೂನ್‌ನಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೆ ಏರಿಸಿದ 150 ಸರ್ಕಾರಿ ಐಟಿಐಗಳನ್ನು ಬೆಂಗಳೂರಿನಲ್ಲಿ ಪ್ರಧಾನಿ ಉದ್ಘಾಟಿಸಿದರು. ಸುಮಾರು 4,600 ಕೋಟಿ ರೂಪಾಯಿಯ ಯೋಜನೆ. ಜರ್ಮನಿಯ ಮಾದರಿ ನೋಡಿಯೇ 2016ರಲ್ಲಿ ಕೇಂದ್ರ ಸರ್ಕಾರ ಡ್ಯೂಯಲ್ ಸಿಸ್ಟಮ್ ಆಫ್ ಟ್ರೈನಿಂಗ್ ತಂದಿತು, ಐಟಿಐ ಹುಡುಗ ಕೆಲವು ತಿಂಗಳು ಕಂಪನಿಯಲ್ಲಿ ಕಲಿಯಲಿ ಅಂತ.

ಆದರೆ ದಾರಿ ಬೇರೆ ಹಿಡಿದಿದ್ದೇವೆ. ಜರ್ಮನಿ ಹಳೇ ಟ್ರೇಡಿನ ಹೊಟ್ಟೆಯೊಳಗೆ ಹೊಸ ಕೆಲಸ ತುಂಬಿತು. ನಾವು ಮೋಟಾರ್ ಮೆಕ್ಯಾನಿಕ್ ಪಕ್ಕದಲ್ಲೇ ಎಲೆಕ್ಟ್ರಿಕ್ ವೆಹಿಕಲ್ ಮೆಕ್ಯಾನಿಕ್ ಅಂತ ಇನ್ನೊಂದು ಟ್ರೇಡು ತೆರೆದೆವು. ಹೊಸ ಟ್ರೇಡಿಗೆ ಹೊಸ ಸಾಮಾನು ಸಿಗುತ್ತದೆ, ಹುಡುಗರಿಗೂ ಹೆಸರಿನ ಆಕರ್ಷಣೆ ಇದೆ, ಆ ಲಾಭ ನಿಜ. ನನ್ನ ಚಿಂತೆ ಹಳೇ ಟ್ರೇಡಿನ ಹುಡುಗನದು. ನಾಳೆ ಅವನ ಗ್ಯಾರೇಜಿಗೂ ಎಲೆಕ್ಟ್ರಿಕ್ ಆಟೋ ಬಂದೇ ಬರುತ್ತದೆ. ಗಿರಾಕಿ ಟ್ರೇಡ್ ಸರ್ಟಿಫಿಕೇಟ್ ಕೇಳಿ ಒಳಗೆ ಬರಲ್ಲ.

ನಮ್ಮ ಬೀದಿಯ ಅಪಾಯವೂ ಬೇರೆ ಥರದ್ದು. ನಮ್ಮಲ್ಲಿ ಜಾಸ್ತಿ ಇರೋದು ಸ್ಕೂಟರು ಮತ್ತು ಆಟೋ. 48, 60, 72 ವೋಲ್ಟಿನ ಬ್ಯಾಟರಿ. ಆ 60 ವೋಲ್ಟಿನ ಗೆರೆಯ ಆಚೆಈಚೆ. ಶಾಕ್ ಹೊಡೆದು ಸಾಯೋದಿಲ್ಲ ಅಂತ ಹುಡುಗರಿಗೆ ಧೈರ್ಯ. ಪಾನಾ ಎರಡು ಟರ್ಮಿನಲ್ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಒಮ್ಮೆ ನೋಡಿದವರಿಗೆ ಆ ಧೈರ್ಯ ಇರಲ್ಲ. ಕಿಡಿ, ಬೆಂಕಿ, ಕೈ ಸುಡೋದು. ಜರ್ಮನಿಯ ಪಾಠವನ್ನು ಇದ್ದಹಾಗೆ ಇಲ್ಲಿ ತಂದರೆ 400 ವೋಲ್ಟಿನ ಬಗ್ಗೆ ಹೇಳುತ್ತಾ ಕೂರುತ್ತೇವೆ, ಹುಡುಗರು ಸ್ಕೂಟರ್ ಬ್ಯಾಟರಿಯಲ್ಲಿ ಬೆರಳು ಸುಟ್ಟುಕೊಳ್ಳುತ್ತಾರೆ. ಆ ಮೂರನೇ ಜಾಗದ ಯೋಚನೆ ಮಾತ್ರ ತರುವಂಥದ್ದು. ಈ 150 ಐಟಿಐಗಳ ವರ್ಕ್‌ಶಾಪು ಸಂಜೆ ಹೊತ್ತು, ಭಾನುವಾರ ಬೀಗ ಹಾಕಿರುತ್ತದೆ. ಊರಿನ ಗ್ಯಾರೇಜಿನಲ್ಲಿ ಕೆಲಸ ಕಲಿಯುವ, ಐಟಿಐ ಮುಖವನ್ನೇ ನೋಡದ ಹುಡುಗರಿಗೆ ಆಗ ಒಂದು ವಾರದ ಕೋರ್ಸ್ ಮಾಡಬಹುದು. ಹೊಸ ಕಟ್ಟಡ ಬೇಡ, ಹೊಸ ಟ್ರೇಡೂ ಬೇಡ.

ಕೊನೆಗೆ ಕಟ್ಟೆ ಮೇಲಿನ ಹುಡುಗರ ಪ್ರಶ್ನೆ. ನನ್ನ ಹಳೇ ವಿದ್ಯಾರ್ಥಿ ಒಬ್ಬ ರಾಣೆಬೆನ್ನೂರು ಕಡೆಯವನು, ಈಗ ಜರ್ಮನಿಯ ಒಂದು ಸಣ್ಣ ಊರಿನ ಗ್ಯಾರೇಜಿನಲ್ಲಿ ಎರಡನೇ ವರ್ಷ ಕಲಿಯುತ್ತಿದ್ದಾನೆ. ಮೊನ್ನೆ ಭಾನುವಾರ ಫೋನ್ ಮಾಡಿದ್ದ. ಅಲ್ಲಿ ಕಲಿಯುವವರು ದಿನಾ ಏನು ಮಾಡಿದೆ ಅಂತ ಒಂದು ಪುಸ್ತಕದಲ್ಲಿ ಬರೆದು ಸಹಿ ಮಾಡಿಸಬೇಕು, ಅದಿಲ್ಲದೆ ಕೊನೇ ಪರೀಕ್ಷೆಗೆ ಕೂರಿಸುವುದಿಲ್ಲ. ಆ ಪುಸ್ತಕದ ಒಂದು ಹಾಳೆಯ ಫೋಟೋ ಕಳಿಸಿದ್ದ. ಸೋಮವಾರ ಟೈರು, ಮಂಗಳವಾರ ಟೈರು, ಬುಧವಾರ ಟೈರು. ಅಕ್ಟೋಬರ್ ಬಂತೆಂದರೆ ಅಲ್ಲಿ ಊರಿಗೆ ಊರೇ ಚಳಿಗಾಲದ ಟೈರು ಹಾಕಿಸಿಕೊಳ್ಳುತ್ತದೆ, ಈಸ್ಟರ್ ಹೊತ್ತಿಗೆ ಮತ್ತೆ ಬಿಚ್ಚಿಸುತ್ತದೆ.

‘ಎಲೆಕ್ಟ್ರಿಕ್ ಕಾರು ಬಂದಿತ್ತೇನೋ?’ ಅಂದೆ.

‘ಒಂದ್ ಬಂದಿತ್ರಿ ಸರ. ಅದೂ ಟೈರ್‌ಗೇ ಬಂದಿತ್ತು,’ ಅಂತ ನಕ್ಕ. ‘ಲಿಫ್ಟ್ ಮ್ಯಾಲೆ ಹಾಕೂ ಮುಂದ ಮಾಲೀಕ್ರು ನನ್ನ ಕರದು, ತೋಳು ಎಲ್ಲಿ ಕೂರ್ಸಬೇಕು ಹೇಳು ಅಂದ್ರು. ತಳದಾಗ ಪೂರಾ ಬ್ಯಾಟರಿ ಇರ್ತದಲ್ರಿ, ಅಡ್ಡಾದಿಡ್ಡಿ ಎತ್ತಿದ್ರ ಒತ್ತಿ ಹೋಗ್ತದ. ನಾ ಸಂಘದ ವರ್ಕ್‌ಶಾಪ್ ಸೆಂಟರ್‌ನ್ಯಾಗ ಹಿಂದಿನ ತಿಂಗಳಷ್ಟ ಕಲ್ತಿದ್ದೆ. ತೋರಿಸ್ದೆ. ಅವ್ರು ತಮ್ಮ ವಹಿಯೊಳಗ ಬರ್ಕೊಂಡ್ರು ಸರ.’